ಚಿನ್ನಕ್ಕೆ ನೀರು ಕುಡಿಸಿದ ಊರು

ಬೇತಮಂಗಲಕ್ಕೆ ದಾರಿ ವಾಪಸು ಬಂದಿದೆ. ಅದು ಹೋದದ್ದು 1864ರಲ್ಲಿ.

ಆ ವರ್ಷ ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಅಲ್ಲಿಯವರೆಗೆ ಮದರಾಸು ಕಡೆಯಿಂದ ಘಟ್ಟ ಹತ್ತಿ ಬರುವ ಗಾಡಿಗಳೆಲ್ಲ ಬೇತಮಂಗಲದಲ್ಲಿ ಎತ್ತು ಬಿಚ್ಚಿ, ಕೆರೆಯಲ್ಲಿ ನೀರು ಕುಡಿಸಿ ಮುಂದೆ ಹೋಗುತ್ತಿದ್ದವು. ತಾಲ್ಲೂಕಿನ ಹೆಸರೇ ಬೇತಮಂಗಲ. ಹಳಿ ಬೇರೆ ಕಡೆ ಹಾಯ್ದದ್ದೇ ತಡ, ಸ್ಟೇಷನ್ ಸುತ್ತ ಹೊಸ ಪೇಟೆಯೊಂದು ಎದ್ದಿತು. ಆಗಿನ ಮೈಸೂರಿನ ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆ. ಜನರ ಬಾಯಲ್ಲಿ ಹೊರಳಿ ಹೊರಳಿ ಬಂಗಾರಪೇಟೆ. ವ್ಯಾಪಾರ ಅತ್ತ ಹೋಯಿತು, ಕಚೇರಿಗಳೂ ಹೋದವು. ಹತ್ತಿರ ಹತ್ತಿರ ನೂರೈವತ್ತು ವರ್ಷ ಕಳೆದ ಮೇಲೆ, 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಬೇತಮಂಗಲ ಎಂಬ ವಿಧಾನಸಭಾ ಕ್ಷೇತ್ರವೂ ಇಲ್ಲವಾಯಿತು. ಈಗ ಇದು ಕೆಜಿಎಫ್ ತಾಲ್ಲೂಕಿನ ಒಂದು ಹೋಬಳಿ.

ಹೀಗೆ ಒಂದೊಂದನ್ನೇ ಕಳೆದುಕೊಂಡ ಊರಿನ ಬಾಗಿಲಿಗೆ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬಂದು ನಿಂತಿದೆ. ಹೊಸಕೋಟೆಯಲ್ಲಿ ಹತ್ತಿದರೆ ಮಾಲೂರು, ಬಂಗಾರಪೇಟೆ ದಾಟಿ 71 ಕಿಲೋಮೀಟರ್. ಸುಮಾರು 260 ಕಿಲೋಮೀಟರ್‌ಗಳ ಒಟ್ಟು ದಾರಿಯಲ್ಲಿ ಕರ್ನಾಟಕದ ಪಾಲು ಇಷ್ಟು. 2024ರ ಡಿಸೆಂಬರ್‌ನಲ್ಲಿ ರಿಬ್ಬನ್ನು ಕತ್ತರಿಸುವ ಗೋಜೇ ಇಲ್ಲದೆ ಈ ತುಂಡಿನಲ್ಲಿ ವಾಹನ ಬಿಟ್ಟರು. ಅಂದಿನಿಂದ ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳು ಇತ್ತ ಬರುತ್ತಿವೆ. ಬರುವವರು ಮೊದಲು ಕೇಳುವುದು ಒಂದೇ: "ಕೆಜಿಎಫ್ ಗಣಿ ನೋಡೋಕೆ ಬಿಡ್ತಾರಾ?"

ಬಿಡುವುದಿಲ್ಲ. ಆ ಕಥೆಗೆ ಆಮೇಲೆ ಬರೋಣ. ನಾನು ಹೇಳುವುದು, ಮೊದಲು ಕೆರೆ ಏರಿ ಹತ್ತಿ ಅಂತ. ಈ ಸೀಮೆ ಅರ್ಥವಾಗಬೇಕಾದರೆ ಚಿನ್ನದ ಕಡೆಯಿಂದ ಬಂದರೆ ಆಗುವುದಿಲ್ಲ, ನೀರಿನ ಕಡೆಯಿಂದ ಬರಬೇಕು.

ಪಾಲಾರ್ ಎಂದರೆ ತಮಿಳಿನಲ್ಲಿ ಹಾಲಿನ ಹೊಳೆ. ಹೆಸರೇನೋ ಹಾಲು, ವರ್ಷದ ಬಹುಪಾಲು ದಿನ ಪಾತ್ರದಲ್ಲಿ ಕಾಣುವುದು ಮರಳು, ಸೀಮೆಜಾಲಿ. ಒಟ್ಟು 348 ಕಿಲೋಮೀಟರ್ ನದಿ. ಕರ್ನಾಟಕದಲ್ಲಿ 93, ಆಂಧ್ರದಲ್ಲಿ 33, ಉಳಿದ 222 ತಮಿಳುನಾಡಿನಲ್ಲಿ. ಅಷ್ಟು ಕಡಿಮೆ ದೂರ ನಮ್ಮಲ್ಲಿ ಹರಿದರೂ ಕೋಲಾರದ ಜನ ಅದನ್ನು ಹರಿಯಲು ಬಿಟ್ಟಿದ್ದೇ ಅಪರೂಪ. ಹೆಜ್ಜೆ ಹೆಜ್ಜೆಗೂ ಕಟ್ಟೆ ಹಾಕಿ, ಕೆರೆಯ ಕೋಡಿಯಿಂದ ಕೆರೆಗೆ ದಾಟಿಸಿದರು. ಹಾಗೆ ಹೆಣೆದ ಸರಪಳಿಯಲ್ಲಿ ದೊಡ್ಡ ಕೊಂಡಿಗಳೆಂದರೆ ಬೇತಮಂಗಲ ಮತ್ತು ರಾಮಸಾಗರದ ಕೆರೆಗಳು. ಬೇತಮಂಗಲದ ಏರಿಯ ಮೇಲೆ ನಿಂತರೆ ಕೆರೆ ಅನ್ನುವುದಕ್ಕೆ ನಾಲಗೆ ಹೊರಳುವುದಿಲ್ಲ. ಆಚೆ ದಡದ ತೆಂಗಿನ ಸಾಲು ಒಂದು ಗೆರೆಯಷ್ಟೇ. ಗಾಳಿ ಬೀಸಿದರೆ ಏರಿಯ ಕಲ್ಲಿಗೆ ಅಲೆ ಹೊಡೆಯುವ ಸದ್ದು ಕೇಳುತ್ತದೆ. ಬಯಲುಸೀಮೆಯ ಮಕ್ಕಳಿಗೆ ಅದೇ ಸಮುದ್ರ.

ಕೆರೆ ಎಷ್ಟು ಹಳೆಯದು? ಶಾಸನಗಳಲ್ಲಿ ಊರಿನ ಹೆಸರು ವಿಜಯಾದಿತ್ಯಮಂಗಲ. ಬಾಣ ಅರಸ ವಿಜಯಾದಿತ್ಯನ ಹೆಸರಿನ ಊರು. ಅರಸನ ಹೆಸರು ಸವೆದು ಸವೆದು 'ಬೇತ' ಆಯಿತೋ ಏನೋ, ಮಂಗಲ ಮಾತ್ರ ಸವೆಯದೆ ಉಳಿಯಿತು. ಹತ್ತನೆಯ ಶತಮಾನದ ಮಧ್ಯಭಾಗದಲ್ಲಿ ನೊಳಂಬರ ಇರಿವ ನೊಳಂಬನ ಕಾಲಕ್ಕೆ ಒಡೆದಿದ್ದ ಈ ಕೆರೆಯನ್ನು ಮತ್ತೆ ಕಟ್ಟಿದರು. ಹನ್ನೆರಡನೆಯ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಚೋಕಿಮಯ್ಯ ಇನ್ನೊಮ್ಮೆ ದುರಸ್ತಿ ಮಾಡಿಸಿದ. ಗಮನಿಸಿ: ಸಾವಿರ ವರ್ಷದ ಹಿಂದೆಯೇ ಕಲ್ಲಿನ ಮೇಲೆ ಬರೆಸಿದ್ದು ಹೊಸ ಕೆರೆಯ ಉದ್ಘಾಟನೆಯನ್ನಲ್ಲ, ಹಳೆ ಕೆರೆಯ ರಿಪೇರಿಯನ್ನು. ಬಾಣರು, ನೊಳಂಬರು, ಚೋಳರು, ಹೊಯ್ಸಳರು ಒಬ್ಬರನ್ನೊಬ್ಬರು ಓಡಿಸಿ ಬಂದರು, ಹೋದರು. ಏರಿಗೆ ಮಣ್ಣು ಹಾಕುವ ಕೆಲಸವನ್ನು ಮಾತ್ರ ಬಂದವರೆಲ್ಲ ಮುಂದುವರಿಸಿದರು.

ಕೆರೆ ಒಡೆದರೆ ಏನಾಗುತ್ತದೆಂದು ತಿಳಿಯಲು ವಾಣಿಯಂಬಾಡಿಗೆ ಹೋಗಬೇಕು. 1903ರ ನವೆಂಬರ್‌ನಲ್ಲಿ ಮಳೆ ಹಿಡಿದು ಬಿಡಲಿಲ್ಲ. ಮೈಸೂರು ಸೀಮೆಯ ಮೇಲಿನ ಕೆರೆಗಳು ಒಂದಾದ ಮೇಲೊಂದು ಕಿತ್ತುಕೊಂಡವು. ಬೇತಮಂಗಲದ ಕೆರೆಯೂ ಒಡೆಯಿತು. ಆ ನೀರು ಪಾಲಾರ್ ಗುಂಟ ಇಳಿದು, ಈಗಿನ ತಮಿಳುನಾಡಿನ ವಾಣಿಯಂಬಾಡಿಗೆ ನುಗ್ಗಿ 200ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಆ ಊರಿನಲ್ಲಿ ಅದರ ನೆನಪಿಗೆ ಕಲ್ಲಿನ ಕಂಬವಿದೆ. ಪ್ರತಿ ವರ್ಷ ಆ ದಿನ ಅಲ್ಲಿಯವರು ಹೂವಿಡುತ್ತಾರೆ. ನಮ್ಮಲ್ಲಿ ನೆನಪಿಗೆ ಇರುವುದು ಮತ್ತೆ ಕಟ್ಟಿದ ಏರಿ ಮಾತ್ರ.

ಅದೇ ಹೊತ್ತಿಗೆ ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಲೋಕ ಬಾಯಾರಿ ನಿಂತಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕೋಲಾರದ ಚಿನ್ನದ ಗಣಿಗಳ ಉಸ್ತುವಾರಿ ಹೊತ್ತ ಮೇಲೆ ಸುತ್ತಮುತ್ತಲಿನ ಜಿಲ್ಲೆಗಳಿಂದ, ಅದರಲ್ಲೂ ಉತ್ತರ ಆರ್ಕಾಟು, ಸೇಲಂ, ಚಿತ್ತೂರು ಕಡೆಯಿಂದ ಜನ ಬಂದು ತಟ್ಟಿ ಗುಡಿಸಲಿನ ಲೈನುಗಳಲ್ಲಿ ತುಂಬಿಕೊಂಡರು. ಒಣ ನೆಲ, ಸುತ್ತ ಕಲ್ಲುಗುಡ್ಡ. ಅದಿರು ಅರೆಯುವ ಮಿಲ್ಲಿಗೂ ನೀರು ಬೇಕು, ಅರೆಯುವವರ ಗಂಜಿಗೂ ನೀರು ಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಬೇತಮಂಗಲದಲ್ಲಿ ಜಲಮಂದಿರ ಕಟ್ಟಿ, ಕೆರೆಯ ನೀರನ್ನು ಸೋಸಿ, ಪಂಪಿನಿಂದ ಎತ್ತಿ ಕೊಳವೆಯಲ್ಲಿ ಗಣಿ ಊರಿಗೆ ಕಳಿಸಿದರು.

ಕೆಜಿಎಫ್‌ನ ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ತಂತಿ ಎಳೆದು ತಂದದ್ದು ಶಾಲೆಯ ಪಾಠದಲ್ಲಿಯೇ ಇದೆ. ನೀರಿನ ಕಥೆ ಯಾವ ಪಾಠದಲ್ಲೂ ಇಲ್ಲ. ಕರೆಂಟು ಇಲ್ಲದಿದ್ದಾಗ ಗಣಿ ಇಪ್ಪತ್ತು ವರ್ಷ ಉಗಿ ಯಂತ್ರದಲ್ಲಿ ನಡೆದಿತ್ತು. ನೀರಿಲ್ಲದೆ ಇಪ್ಪತ್ತು ದಿನ ನಡೆಯುತ್ತಿರಲಿಲ್ಲ.

ಇದರ ಹಿಂದೆ ಇನ್ನೊಂದು ಗಂಟು ಇದೆ. 1892ರಲ್ಲಿ ಮದರಾಸು ಮತ್ತು ಮೈಸೂರಿನ ನಡುವೆ ಆದ ಒಪ್ಪಂದದಲ್ಲಿ ಕಾವೇರಿಯ ಜೊತೆಗೆ ಪಾಲಾರ್ ಹೆಸರೂ ಇದೆ. ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಅದಕ್ಕೆ ಹೊಸ ಅಣೆಕಟ್ಟು ಹಾಕುವಂತಿಲ್ಲ. ಹಾಗಾಗಿ ಕೋಲಾರಕ್ಕೆ ಉಳಿದದ್ದು ಬಾಣರ, ನೊಳಂಬರ ಕಾಲದ ಕೆರೆಗಳೇ. ಮಳೆ ಬಂದರೆ ಉಂಟು, ಬರದಿದ್ದರೆ ಇಲ್ಲ. ವರ್ಷಗಟ್ಟಲೆ ಬೇತಮಂಗಲದ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡಿದ್ದಾರೆ. 2021ರ ನವೆಂಬರ್‌ನ ಮಳೆಗೆ ಕೆರೆ ತುಂಬಿ ಕೋಡಿ ಹರಿದಾಗ, ಸುತ್ತಿನ ಹಳ್ಳಿಗಳೆಲ್ಲ ಏರಿಯ ಮೇಲೆ ಬಂದು ನಿಂತಿದ್ದವು. ಕೋಡಿ ಬೀಳುವ ಸದ್ದು ಕೇಳುವುದೇ ಒಂದು ಜಾತ್ರೆ. ಅರಿಶಿನ, ಕುಂಕುಮ, ಬಳೆ, ಕುಪ್ಪಸದ ಬಟ್ಟೆಯ ಬಾಗಿನ ಗಂಗಮ್ಮನಿಗೆ. ನಮ್ಮ ಕಡೆ ಏರಿ ಇದ್ದ ಮೇಲೆ ಗಂಗಮ್ಮ ಇರಲೇಬೇಕು. ಕೆರೆ ಕಾಯುವ ನೌಕರಿ ಆಕೆಯದು. ಊರೊಳಗೆ ವಿಜಯೇಂದ್ರಸ್ವಾಮಿಯ ಹಳೆಯ ದೇವಸ್ಥಾನವೂ ಇದೆ. ಹಳೆಯ ಊರಿನ 'ವಿಜಯ' ದೇವರ ಹೆಸರಿನಲ್ಲಿ ಉಳಿದುಕೊಂಡಿದೆ ಎಂದು ನನಗನ್ನಿಸುತ್ತದೆ.

ಈ ಸೀಮೆಯ ಹಬ್ಬ ನೋಡಬೇಕಾದರೆ ಶ್ರಾವಣದ ಶನಿವಾರ ಬನ್ನಿ. ಬೇತಮಂಗಲದಿಂದ ಸ್ವಲ್ಪ ದೂರದ ಗುಟ್ಟಹಳ್ಳಿಯ ಚಿಕ್ಕ ಬೆಟ್ಟದ ಮೇಲೆ ಬಂಗಾರು ತಿರುಪತಿ. ಇಲ್ಲಿಯ ವೆಂಕಟರಮಣನನ್ನು ಬಾಗಿಲಿನಿಂದ ನೋಡುವ ಹಾಗಿಲ್ಲ. ಗೋಡೆಯಲ್ಲಿರುವ ಆರು ಕಂಡಿಗಳ ಕಿಟಕಿಗೆ ಕಣ್ಣು ಹಚ್ಚಿ ನೋಡಬೇಕು. ಎದುರಿನ ಇನ್ನೊಂದು ಗುಡ್ಡದಲ್ಲಿ ಪದ್ಮಾವತಿ ಅಮ್ಮ. ಗಂಡ ಒಂದು ಬೆಟ್ಟ, ಹೆಂಡತಿ ಒಂದು ಬೆಟ್ಟ. ನಡುವೆ ಮಂಡಕ್ಕಿ, ಬತ್ತಾಸು, ಬಳೆಯ ಅಂಗಡಿಗಳ ಸಂಸಾರ. ತಿರುಪತಿಗೆ ಹೊತ್ತ ಹರಕೆಯನ್ನು ಇಲ್ಲೇ ತೀರಿಸುವವರೂ ಇದ್ದಾರೆ. ಮುಡಿ ಕೊಟ್ಟು ಬೋಳುತಲೆಗೆ ಗಂಧ ಬಳಿದುಕೊಂಡ ಮಕ್ಕಳು, ನಾಮ ಹಾಕಿಕೊಂಡು 'ಗೋವಿಂದಾ ಗೋವಿಂದ' ಕೂಗುವ ದಾಸರು, ಬೆಳಗಿನ ಜಾವವೇ ಹಳ್ಳಿಯಿಂದ ನಡೆದು ಬಂದ ಹೆಂಗಸರು.

ಸಾಲಿನಲ್ಲಿ ನಿಂತಾಗ ಕಿವಿ ಕೊಡಿ. ಮುಂದಿನವರು ತೆಲುಗು, ಹಿಂದಿನವರು ತಮಿಳು, ಚಪ್ಪಲಿ ಕಾಯುವವನು ಕನ್ನಡ, ಮೂರೂ ಬೆರೆಸಿ ಮಾತಾಡುವವರೇ ಹೆಚ್ಚು. ಹೋದ ಶ್ರಾವಣ ನನ್ನ ಮುಂದೆ ನಿಂತಿದ್ದ ಅಜ್ಜಿ ಮಗನಿಗೆ ತೆಲುಗಿನಲ್ಲಿ ಬೈದು, ಸೊಸೆಗೆ ತಮಿಳಿನಲ್ಲಿ ಸಮಾಧಾನ ಹೇಳಿ, ನನ್ನ ಕಡೆ ತಿರುಗಿ "ಬೆಂಗ್ಳೂರಿಂದ ಬಂದ್ರೇನಪ್ಪಾ?" ಎಂದು ಕನ್ನಡದಲ್ಲಿ ಕೇಳಿದರು.

"ಹೌದಜ್ಜಿ."

"ಕೆರೆ ನೋಡಿದ್ರಾ?"

"ಇಲ್ಲಜ್ಜಿ, ಮೊದ್ಲು ಸ್ವಾಮಿ ದರ್ಶನ ಮಾಡ್ಕೊಂಡು ಹೋಗೋಣ ಅಂತ."

"ಸ್ವಾಮಿ ಎಲ್ಲೋಗ್ತಾನೆ, ಇಲ್ಲೇ ಇರ್ತಾನೆ. ನೀರು ಇರೋವಾಗ್ಲೇ ನೋಡ್ಬೇಕು ಕಣಪ್ಪಾ."

ಈ ಲೇಖನ ಹುಟ್ಟಿದ್ದು ಆ ಸಾಲಿನಲ್ಲಿ.

ಶಿವರಾತ್ರಿಗಾದರೆ ಮುಳಬಾಗಿಲು ತಾಲ್ಲೂಕಿನ ಆವಣಿಗೆ ಹೋಗಬೇಕು. ಬೇತಮಂಗಲದಿಂದ ಉತ್ತರಕ್ಕೆ, ಕಾರಿನಲ್ಲಿ ಒಂದು ಗಂಟೆಯೂ ಬೇಡ. ನನ್ನನ್ನು ಕೇಳಿದರೆ ಇಡೀ ಕೋಲಾರ ಜಿಲ್ಲೆಯಲ್ಲಿ ಒಂದೇ ಜಾಗ ನೋಡಲು ಪುರುಸೊತ್ತಿದೆ ಎನ್ನುವವರಿಗೆ ತೋರಿಸಬೇಕಾದದ್ದು ಇದೇ. ಒಂದೇ ಪ್ರಾಕಾರದೊಳಗೆ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಲಿಂಗಗಳಿಗೆ ಬೇರೆ ಬೇರೆ ಗುಡಿಗಳು. ನೊಳಂಬರ ಕಾಲದ ಕೆಲಸ. ಹೊಯ್ಸಳ ಗುಡಿಗಳ ಕುಸುರಿ ಇಲ್ಲಿ ಹುಡುಕಬೇಡಿ. ಒರಟು ಬೆಣಚುಕಲ್ಲಿನಲ್ಲಿ ಎಷ್ಟು ಬೇಕೋ ಅಷ್ಟೇ ಕೆತ್ತಿ ಕೈಬಿಟ್ಟ ಗಾಂಭೀರ್ಯ ಅದು. ಹತ್ತನೆಯ ಶತಮಾನದಲ್ಲಿ ಇಲ್ಲಿ ತ್ರಿಭುವನಕರ್ತರ ಎಂಬ ಶೈವ ಗುರು 40 ವರ್ಷ ಸ್ಥಾನಾಧಿಪತಿಯಾಗಿದ್ದು, 50 ದೇವಾಲಯ ಮತ್ತು ಎರಡು ದೊಡ್ಡ ಕೆರೆಗಳನ್ನು ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಸನ್ಯಾಸಿಯ ಲೆಕ್ಕದಲ್ಲಿಯೂ ಕೆರೆ ಬಂದಿದೆ ನೋಡಿ.

ಗುಡಿಯ ಹಿಂದೆ ಬೆಟ್ಟ. ವಾಲ್ಮೀಕಿಯ ಆಶ್ರಮ ಇಲ್ಲಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಇಲ್ಲೇ ಎಂದು ಊರವರು ಒಂದೊಂದು ಬಂಡೆಯನ್ನೂ ತೋರಿಸಿ ಹೇಳುತ್ತಾರೆ. ತುದಿಯಲ್ಲಿ ಸೀತೆಯ ಗುಡಿ. ಸೀತೆಗೆ ಗುಡಿ ಇರುವ ಊರು ನಮ್ಮಲ್ಲಿ ಎಷ್ಟಿವೆ? ಮಕ್ಕಳಿಲ್ಲದ ಹೆಂಗಸರು ಹರಕೆ ಹೊತ್ತು ಆ ಬಂಡೆ ಹತ್ತುತ್ತಾರೆ. ಹತ್ತುವ ದಾರಿಯಲ್ಲಿ ಅಲ್ಲಲ್ಲಿ ಮೆಟ್ಟಿಲು, ಅಲ್ಲಲ್ಲಿ ಬರೀ ಬಂಡೆ. ಬೆಳಗ್ಗೆ ಒಂಬತ್ತರೊಳಗೆ ಇಳಿದುಬಿಡಿ, ಆಮೇಲೆ ಕಲ್ಲು ಕಾವಲಿಯಾಗುತ್ತದೆ. ಶಿವರಾತ್ರಿಯ ಹೊತ್ತಿಗೆ ಬೆಟ್ಟದ ಕೆಳಗಿನ ಬಯಲೆಲ್ಲ ದನಗಳ ಜಾತ್ರೆ. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಲ್ಲು ಎಣಿಸಿ ಸುಳಿ ನೋಡಿ, ಟವೆಲಿನ ಕೆಳಗೆ ಬೆರಳು ಹಿಡಿದು ನಡೆಯುವ ವ್ಯಾಪಾರ. ಟ್ರ್ಯಾಕ್ಟರು ಬಂದ ಮೇಲೆ ಜೋಡಿಗಳು ಕಡಿಮೆಯಾಗಿವೆ. ಹಳ್ಳಿಕಾರ್ ಎತ್ತು ಕಟ್ಟಿಕೊಂಡು ಬರುವವರು ಈಗ ಉಳುಮೆಗಿಂತ ಷೋಕಿಗೆ ಸಾಕಿದವರು.

ಯುಗಾದಿ ಕಳೆದ ಮೇಲೆ ಇಲ್ಲಿ ಊರೂರಿಗೂ ಜಾತ್ರೆ. ಹೆಣ್ಣುಮಕ್ಕಳು ಅಕ್ಕಿ ತಂಬಿಟ್ಟಿನಲ್ಲಿ ದೀಪ ಮಾಡಿ, ಹೂವಿನಿಂದ ಅಲಂಕರಿಸಿ, ತಲೆಯ ಮೇಲೆ ಹೊತ್ತು ತಮಟೆಯ ಹಿಂದೆ ಮಾರಮ್ಮನ ಗುಡಿಗೆ ಹೋಗುತ್ತಾರೆ. ಎಷ್ಟು ಎತ್ತರದ ದೀಪ ಯಾರ ಮನೆಯದು ಎಂಬುದು ಮುಂದಿನ ವರ್ಷದವರೆಗೂ ಊರಿನ ಮಾತು. ಪೇಟೆಗಳಲ್ಲಿ ಕರಗ, ರಾತ್ರಿಯಿಡೀ ಹೂವಿನ ಪಲ್ಲಕ್ಕಿ. ಈ ಹಬ್ಬಗಳಿಗೆ ಮುದ್ರಿತ ಕ್ಯಾಲೆಂಡರ್ ನಂಬಿ ಬರಬೇಡಿ. ಊರಿನ ಹಿರಿಯರು ಕೂತು ದಿನ ಗೊತ್ತು ಮಾಡುವುದು. ಟೀ ಅಂಗಡಿಯಲ್ಲಿ ಕೇಳಿದರೆ ಪಂಚಾಂಗಕ್ಕಿಂತ ಸರಿಯಾಗಿ ಹೇಳುತ್ತಾರೆ.

ಇನ್ನು ಕೆಜಿಎಫ್. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ನೂರಿಪ್ಪತ್ತು ವರ್ಷದಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನ ಕೊಟ್ಟ, ಚಾಂಪಿಯನ್ ರೀಫ್‌ನಲ್ಲಿ 3.2 ಕಿಲೋಮೀಟರ್ ಆಳಕ್ಕೆ ಇಳಿದಿದ್ದ ಗಣಿಗಳೊಳಗೆ ಈಗ ನೀರು ತುಂಬಿದೆ. ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಸಿನಿಮಾ ನೋಡಿ ಬಂದವರು ಸೈನೈಡ್ ದಿಬ್ಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಆ ದಿಬ್ಬ ಸಿನಿಮಾದ ಸೆಟ್ಟಲ್ಲ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿ. ಗಾಳಿ ಎದ್ದ ದಿನ ಆ ಧೂಳು ಅಕ್ಕಪಕ್ಕದ ಮನೆಗಳ ಅನ್ನದ ತಟ್ಟೆಗೆ ಬೀಳುತ್ತದೆ. ಅದರ ಮೇಲೆ ಹತ್ತಿ ಜಾರುಬಂಡಿ ಆಡುವ ಮಕ್ಕಳನ್ನು ದಯವಿಟ್ಟು ಕೆಳಗಿಳಿಸಿ.

ಹಾಗಾದರೆ ಕೆಜಿಎಫ್‌ನಲ್ಲಿ ನೋಡುವುದೇನು? ಊರನ್ನು ನೋಡಿ. ಇಂಗ್ಲಿಷರ ಹೆಂಚಿನ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ; ಎರಡು ಆಳು ಉದ್ದದ ಕೋಣೆಗಳ ಕೂಲಿ ಲೈನು ಇನ್ನೊಂದು ಕಡೆ. ನಡುವೆ ನಡೆದು ಹೋದರೆ ಸಾಕು, ಯಾರು ಚಿನ್ನ ಅಗೆದರು, ಯಾರು ತೆಗೆದುಕೊಂಡು ಹೋದರು ಎಂದು ಯಾರೂ ಹೇಳಬೇಕಾಗಿಲ್ಲ. ಚಾಂಪಿಯನ್ ರೀಫ್‌ನ ವಿಜಯ ಮಾತೆಯ ಚರ್ಚು, ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟು, ಮುರುಗನ ಗುಡಿಗಳು, ಡಿಸೆಂಬರ್‌ನಲ್ಲಿ ಲೈನು ಲೈನಿಗೂ ತೂಗಾಡುವ ನಕ್ಷತ್ರಗಳು. ಪ್ರವಾಸದ ಪುಸ್ತಕಗಳು ಬಿಟ್ಟುಬಿಡುವ ಇನ್ನೊಂದಿದೆ: ಬೌದ್ಧ ಕೆಜಿಎಫ್. ತಮಿಳಿನ ಚಿಂತಕ ಅಯೋತಿದಾಸ ಪಂಡಿತರ ಶಾಕ್ಯ ಬೌದ್ಧ ಸಂಘದ ಶಾಖೆ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮಾರಿಕುಪ್ಪಂನಲ್ಲಿ ಹುಟ್ಟಿಕೊಂಡಿತು. ಅಂಬೇಡ್ಕರ್ ನಾಗಪುರದಲ್ಲಿ ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಅದಕ್ಕೆ ಸುಮಾರು ಐವತ್ತು ವರ್ಷ ಮೊದಲೇ ಗಣಿಯ ಕೂಲಿಕಾರರು ಇಲ್ಲಿ ಬುದ್ಧನಿಗೆ ಶರಣೆಂದಿದ್ದರು. ಬುದ್ಧ ಪೂರ್ಣಿಮೆಗೆ ಬನ್ನಿ.

ಗಣಿ ಹೋದ ಮೇಲೆ ಈ ಊರನ್ನು ಬದುಕಿಸಿದ್ದು ರೈಲು. 1894ರಲ್ಲಿ ಗಣಿಗಾಗಿ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿಯ ಮೇಲೆ ಬೆಳಗಿನ ಜಾವ ಸಾವಿರಾರು ಜನ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮಲಗಲು ಬರುತ್ತಾರೆ. ಊರಗಾಂ, ಕೋರಮಂಡಲ್, ಚಾಂಪಿಯನ್ — ಸ್ಟೇಷನ್ನಿನ ಬೋರ್ಡುಗಳಲ್ಲಿ ಗಣಿಯ ಹೆಸರುಗಳು ಇನ್ನೂ ಇವೆ. ಕಾರು ಬೇಡವೆನ್ನುವವರು ಈ ರೈಲಿನಲ್ಲಿ ಬಂದರೆ ಅರ್ಧ ಪ್ರವಾಸ ಬೋಗಿಯೊಳಗೇ ಮುಗಿಯುತ್ತದೆ.

ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ನಾನು ಹೇಳದಿದ್ದರೂ ಹೋಗುತ್ತೀರಿ. 108 ಅಡಿಯ ಲಿಂಗ, 35 ಅಡಿಯ ನಂದಿ, ಸುತ್ತ ಕಣ್ಣು ಹಾಯುವವರೆಗೆ ಸಣ್ಣ ದೊಡ್ಡ ಲಿಂಗಗಳು. ದುಡ್ಡು ಕಟ್ಟಿದರೆ ನಿಮ್ಮ ಹೆಸರಿನಲ್ಲೂ ಒಂದು ಸ್ಥಾಪಿಸುತ್ತಾರೆ. ಆವಣಿಯ ಒಂದು ಲಿಂಗದ ಮುಂದೆ ಕೂತಾಗಿನ ಮೌನ ನನಗೆ ಇಲ್ಲಿ ಸಿಕ್ಕಲಿಲ್ಲ. ಆದರೆ ಜೊತೆಗೆ ಬಂದ ಮಕ್ಕಳಿಗೆ ಆವಣಿಗಿಂತ ಇದೇ ಹಿಡಿಸಿತು. ಬೂದಿಕೋಟೆ ಹೈದರಾಲಿ ಹುಟ್ಟಿದ ಊರು, ಹಾದಿಯಲ್ಲಿದ್ದರೆ ಇಳಿಯಿರಿ. ಕಲ್ಲಿನಲ್ಲಿ ಆಸಕ್ತಿ ಇರುವವರು ಪೆದ್ದಪಲ್ಲಿ ಬಿಡಬಾರದು. ಅಗ್ನಿಪರ್ವತ ಉಗುಳಿದ ಚೂರುಗಳು ಕೋಟ್ಯಂತರ ವರ್ಷಗಳ ಹಿಂದೆ ಬೆಸೆದುಕೊಂಡು ಆದ ಆ ಬಂಡೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಹೋಗಿ ನೋಡಿದರೆ ಮಾಮೂಲಿ ಬಂಡೆ ಅನ್ನಿಸಬಹುದು. ಹತ್ತಿರ ಕೂತು ನೋಡಿ, ಉಂಡೆ ಉಂಡೆ ಕಲ್ಲುಗಳನ್ನು ಒಳಗಿಟ್ಟು ಎರಕ ಹೊಯ್ದ ಹಾಗಿದೆ.

ಹೊಟ್ಟೆಯ ವಿಚಾರ. ಹಳ್ಳಿಯಲ್ಲಿ ಪರಿಚಯದವರಿದ್ದರೆ ರಾಗಿಮುದ್ದೆ, ಬಸ್ಸಾರು, ಚಳಿಗಾಲವಾದರೆ ಅವರೆಕಾಯಿ. ಪರಿಚಯವಿಲ್ಲದಿದ್ದರೆ ಬಂಗಾರಪೇಟೆಗೆ ಸಂಜೆ ಹೋಗಿ ಪಾನಿಪುರಿ ತಿನ್ನಿ. ಪಾನಿಗೆ ಬಣ್ಣವೇ ಇಲ್ಲ, ಲೋಟದಲ್ಲಿ ಬರೀ ನೀರಿನ ಹಾಗೆ ಕಾಣುತ್ತದೆ. ಬಾಯಿಗೆ ಬಿದ್ದ ಮೇಲೆ ಖಾರ ನೆತ್ತಿಗೇರುತ್ತದೆ. ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ 'ಬಂಗಾರಪೇಟೆ ಚಾಟ್ಸ್' ಬೋರ್ಡು ಹಾಕಿದ್ದಾರೆ. ಊರಿನ ರುಚಿ ಊರಲ್ಲೇ. ಬೌರಿಂಗ್ ಸಾಹೇಬರ ಪೇಟೆ ಕೊನೆಗೆ ಹೆಸರು ಮಾಡಿದ್ದೂ ನೀರಿನಿಂದಲೇ ಎಂದು ನಗು ಬರುತ್ತದೆ.

ಬೇತಮಂಗಲದ ಕೆರೆಗೆ ಟಿಕೆಟ್ ಇಲ್ಲ, ಬೋಟಿಂಗ್ ಇಲ್ಲ, ಸೆಲ್ಫಿ ಪಾಯಿಂಟ್ ಇಲ್ಲ. ಎಕ್ಸ್‌ಪ್ರೆಸ್‌ವೇ ಬಂದಿರುವುದರಿಂದ ಇವೆಲ್ಲ ಬರುವ ಮಾತು ನಡೆಯದೆ ಇರುವುದಿಲ್ಲ, ಅದೇ ನನ್ನ ಭಯ. ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ, ಮಳೆ ಚೆನ್ನಾಗಿ ಆದ ವರ್ಷ ಬನ್ನಿ. ಬೆಳಿಗ್ಗೆ ಬಂಗಾರು ತಿರುಪತಿ, ಮಧ್ಯಾಹ್ನ ಕೆಜಿಎಫ್, ಬಿಸಿಲು ಇಳಿದ ಮೇಲೆ ಏರಿ. ಬಾತುಕೋಳಿ, ಕೊಕ್ಕರೆಗಳು ಗೂಡಿಗೆ ಹೊರಡುವ ಹೊತ್ತು. ಈಜಲು ಇಳಿಯಬೇಡಿ, ಕೆರೆ ಆಳವಿದೆ. ತಿಂದ ಪ್ಲಾಸ್ಟಿಕ್ ತಟ್ಟೆ, ಕುಡಿದ ಬಾಟಲಿ ಏರಿಯ ಮೇಲೆ ಬಿಸಾಡಬೇಡಿ. ಅದು ಕುಡಿಯುವ ನೀರು. ಕೆಜಿಎಫ್‌ನಲ್ಲಿ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುವವರಿಗೆ ಹೋಗುವ ನೀರು.